ಹಾಲಕ್ಕಿಯ ರೆಕ್ಕೆಗೆ ಕಟ್ಟಿದ ದಾರ

ಮಧುಗಿರಿ
೯ನೇ ಫೆಬ್ರವರಿ ೧೯೩೬

ಪ್ರೀತಿಯ ಯಜಮಾನರಿಗೆ,

ನಿಮ್ಮ ಸರ್ವಮಂಗಳಾ ಮಾಡುವ ಸಾವಿರ ನಮಸ್ಕಾರ. ಹೇಗಿದ್ದೀರಿ? ಪಾವಗಡದ ಬಿಸಿಲಿನಲ್ಲಿ ದಿನವೆಲ್ಲ ಸರ್ವೆ ಸರಪಳಿ ಎಳೆಸುತ್ತಾ ತಲೆನೋವು ತಂದುಕೊಂಡಿಲ್ಲ ತಾನೆ? ಡೇರೆಯಲ್ಲಿ ಕಂಬಳಿ ಸಾಲದಿದ್ದರೆ ಬರೆಯಿರಿ. ಅತ್ತೆಯವರು ಕ್ಷೇಮ. ನಾನೂ ಕ್ಷೇಮ, ನೀವಿಲ್ಲದೆ ಎಷ್ಟು ಕ್ಷೇಮವಾಗಿರಬಹುದೋ ಅಷ್ಟು! ಬಂದ ಮೇಲೆ ನನಗೆ ಬೆಟ್ಟ ಹತ್ತಿಸುತ್ತೇನೆಂದು ಬರೆದಿದ್ದೀರಲ್ಲ, ಆ ಸಾಲು ಓದಿ ಅಡಿಗೆಮನೆಯಲ್ಲೇ ಕುಣಿದುಬಿಟ್ಟೆ.

ಈಗ ಸುದ್ದಿ. ನಗಬಾರದು. ಮೂರು ವಾರದಿಂದ ನಾನೊಂದು ಹಾಲಕ್ಕಿ ಸಾಕುತ್ತಿದ್ದೇನೆ! ಅಂಗೈಯಲ್ಲಿ ಕೂರುವಷ್ಟು ಪುಟ್ಟ ಗೂಬೆ, ಮೈತುಂಬ ಬಿಳಿ ಚುಕ್ಕೆ, ಕಣ್ಣೆರಡೂ ಚಿನ್ನದ ಗುಂಡು. ಬೆಟ್ಟದ ಮೆಟ್ಟಿಲು ತೀರ ಕಡಿದಾಗುವ ಕಡೆ, ಕೆಳಗೆ ಬಂಡೆಯ ಬುಡದಲ್ಲಿ ಬಿದ್ದಿತ್ತಂತೆ. ಅಂಗಳ ಗುಡಿಸುವ ಕಾಟಮ್ಮ ಸೆರಗಿನಲ್ಲಿ ಸುತ್ತಿ ತಂದಳು. ಬಲರೆಕ್ಕೆ ಮುರಿದು ಜೋತಾಡುತ್ತಿತ್ತು. "ಒಳೀಕೆ ಬುಟ್ಕಬ್ಯಾಡಿ ಕಣಮ್ಮ, ಇದು ನುಡುದ್ರೆ ನುಡುದಂಗೇ ಆಯ್ತದೆ" ಎಂದಳು. ನಾನು ಕೇಳುತ್ತೇನೆಯೇ? ಕಾನ್ವೆಂಟಿನಲ್ಲಿ ಫಸ್ಟ್ ಏಡ್‌ಗೆ ಬಹುಮಾನ ಪಡೆದವಳು! ಪೊರಕೆ ಕಡ್ಡಿ ಮುರಿದು ರೆಕ್ಕೆಗೆ ಆಸರೆ ಕೊಟ್ಟೆ. ಕಟ್ಟಲು ಹೋದರೆ ಬಟ್ಟೆಚೂರು ಜಾರುತ್ತಿತ್ತು, ಹಕ್ಕಿ ಒದ್ದಾಡುತ್ತಿತ್ತು. ಆಗ ಕೈ ಕೊರಳಿಗೆ ಹೋಯಿತು. ನೀವು ಕಟ್ಟಿದ ತಾಳಿಗಲ್ಲ, ಗಾಬರಿಯಾಗಬೇಡಿ. ಸವತಿ ತಾಳಿಗೆ, ತೀರಿಕೊಂಡ ನಿಮ್ಮ ಮೊದಲ ಹೆಂಡತಿ ಜಗದಾಂಬ ಅವರ ಹೆಸರಿನಲ್ಲಿ ನಮ್ಮ ಮದುವೆಯ ದಿನ ಅತ್ತೆ ನನಗೆ ಕಟ್ಟಿದ ಬೆಳ್ಳಿ ಬಿಲ್ಲೆಗೆ. ಬಿಲ್ಲೆಯನ್ನು ಕುಂಕುಮದ ಭರಣಿಯಲ್ಲಿಟ್ಟು, ಅದರ ಅರಿಶಿನದ ದಾರದಿಂದ ರೆಕ್ಕೆ ಕಟ್ಟಿದೆ.

ಅತ್ತೆ ನೋಡಿದರು. ಬೈಗುಳಕ್ಕೆ ಕಾದು ಕಣ್ಣು ಮುಚ್ಚಿಕೊಂಡೆ. ಬೈಯಲಿಲ್ಲ. "ಅವಳ ದಾರ ಅವಳೇ ತಗೊಂಡ್ಲು" ಎಂದರು, ಮೆಲ್ಲಗೆ. "ಅವನು ಊರಿಂದ ಬರೋದ್ರೊಳಗೆ ಅದು ನಿನ್ನ ಕೊರಳಿಗೆ ಬರ್ಬೇಕು. ಅದಿಲ್ದಿದ್ರೆ ಈ ಮನೇಲಿ ನಿನಗೆ ಕಾವಲಿಲ್ಲ ಕಣಮ್ಮ." ಆದರೆ ಆಗಲೇ ಬಿಚ್ಚಿದರೆ ಮೂಳೆ ಸೊಟ್ಟಗೆ ಕೂಡುತ್ತದೆ, ಹಕ್ಕಿ ಇನ್ನೆಂದೂ ಹಾರಲಾರದು. ಬಿಚ್ಚುವುದಿಲ್ಲ ಎಂದುಬಿಟ್ಟೆ. ನನ್ನ ಹಟ ನಿಮಗೆ ಗೊತ್ತಲ್ಲ!

ಊಟದ್ದೇ ದೊಡ್ಡ ಫಜೀತಿ. ಲಿಂಗಪೂಜೆಯ ಮನೆಯಲ್ಲಿ ಗೂಬೆಗೆ ಔತಣ! ಕಾಟಮ್ಮ ಬೇಲಿಯಾಚೆಯಿಂದ ಮಿಡತೆ ಹಿಡಿದು ತಂದರೂ ಮುಟ್ಟಲಿಲ್ಲ. ನಾವು ಉಣ್ಣುವ ಮುಂಚೆ ಜಗದಾಂಬ ಅವರಿಗೆಂದು ಒರಳಿನ ಪಕ್ಕ ಎಡೆ ಇಡುತ್ತೇವಲ್ಲ, ಒಂದು ಮಧ್ಯಾಹ್ನ ನಾನು ಎಡೆ ಇಟ್ಟು ತಿರುಗಿದರೆ ಹಕ್ಕಿ ಕುಂಟುತ್ತಾ ಬಂದು ಅದರ ಮುಂದೆ ಕೂತಿದೆ. ಮಿಡತೆಯನ್ನು ಅಲ್ಲಿಟ್ಟ ಮೇಲೆಯೇ ತಿಂದಿತು. ನಾನು ನಕ್ಕೆ. ಅತ್ತೆ ನಗಲಿಲ್ಲ. ನೆಲದ ಮೇಲೆ ಕೂತು ಒಂದೇ ಬೆರಳಿನಿಂದ ಅದರ ನೆತ್ತಿ ಸವರಿದರು. "ನೋವಾಯ್ತೇನೇ ತಾಯಿ? ಮತ್ತೆ ಬಲಗೈಯೇ ಮುರ್ಕೊಂಡ್ಯಲ್ಲೇ."

ಅಂದಿನಿಂದ ಮುಚ್ಚಂಜೆಗೆ ದೀಪ ಹಚ್ಚಿದೊಡನೆ ಅದು ನಿಮ್ಮ ಆರಾಮಕುರ್ಚಿಯ ಕೈ ಮೇಲೇರಿ ಬೀದಿಬಾಗಿಲು ನೋಡುತ್ತಾ ಕೂರುತ್ತದೆ. ನನ್ನೊಡನೆ ನಾಲ್ಕು ಮಾತಾಡದ ಅತ್ತೆ ಅದರ ಜೊತೆ ಊರೆಲ್ಲದರ ಸುದ್ದಿ ಹೇಳುತ್ತಾರೆ. ನಾನು ಹಿಂದಿನಿಂದ ಬಂದರೆ ಮೈ ಬಾಗಿಲ ಕಡೆಗೇ ಇರುತ್ತದೆ, ಮುಖ ಮಾತ್ರ ಪೂರ್ತಿ ನನ್ನತ್ತ ತಿರುಗುತ್ತದೆ. ಗೂಬೆಯ ಕತ್ತೇ ಹಾಗೆ ಎಂದು ನಮ್ಮ ಸಿಸ್ಟರ್ ಪಾಠ ಮಾಡಿದ್ದರು. ಆದರೂ ಈಚೆಗೆ ಅದು ಎದುರು ಬಂದರೆ ನಾನೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತೇನೆ. ಹಿರಿಯಳಿಗೆ ಬಿಟ್ಟ ಹಾಗೆ!

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅತ್ತೆಯವರ ಆಶೀರ್ವಾದ ನಿಮ್ಮ ತಲೆ ಕಾಯಲಿ.

ಸದಾ ನಿಮ್ಮ ದಾರಿ ನೋಡುವ,
ಸರ್ವಮಂಗಳಾ

ಕಾಗದ ಮಡಿಸಿದ ಮೇಲೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಈಗಷ್ಟೇ ದಾರ ಬಿಚ್ಚಿದೆ. ರೆಕ್ಕೆ ಚೆನ್ನಾಗಿ ಕೂಡಿದೆ. ಹಕ್ಕಿ ಹಜಾರವನ್ನು ಒಂದು ಸುತ್ತು ಹಾರಿ ಮತ್ತೆ ನಿಮ್ಮ ಕುರ್ಚಿಗೇ ಬಂತು. ಅತ್ತೆ ದಾರಕ್ಕೆ ಬಿಲ್ಲೆ ಪೋಣಿಸಿ ನನ್ನ ಕೊರಳಿಗೆ ಚಾಚಿದರು. ಬಾಗಿಲಲ್ಲಿದ್ದ ಕಾಟಮ್ಮ ಅಂದಳು, "ಕಟ್ಟಿಸ್ಕಳಿ ಅವ್ವಾ. ಆ ಅಮ್ಮಾವ್ರು ಬಿದ್ದಿದ್ದೂ ಅದೇ ಮೆಟ್ಲಿಂದ್ಲೇ. ಯಜಮಾನ್ರ ಜತೇಲಿ ಹತ್ತುದ್ರು. ಯಜಮಾನ್ರು ಒಬ್ರೇ ಇಳುದ್ರು." ಅತ್ತೆ ಇಲ್ಲ ಎನ್ನಲಿಲ್ಲ. ಜಗದಾಂಬ ಅವರು ಹೋದದ್ದು ಚಳಿಜ್ವರದಿಂದ ಎಂದು ನೀವು ನನ್ನ ತಂದೆಗೆ ಹೇಳಿದ್ದಿರಿ. ಅವರು ನಿಜವಾಗಿ ಹೇಗೆ ಹೋದರೆಂದು ನೀವೇ ಬರೆಯಿರಿ. ಯಾರಿಂದ ಕಾವಲು ಬೇಕೆಂದು ತಿಳಿಯದೆ ನಾನು ದಾರ ಕಟ್ಟಿಸಿಕೊಳ್ಳಲಾರೆ. ಬೆಟ್ಟಕ್ಕೂ ಬರಲಾರೆ. ಬಾಗಿಲು, ಕಿಟಕಿ ಎಲ್ಲ ತೆರೆದಿಟ್ಟಿದ್ದೇನೆ. ಅದು ಹೋಗುತ್ತಿಲ್ಲ. ನೀವು ಬರುವ ಬಾಗಿಲನ್ನೇ ನೋಡುತ್ತಿದೆ.