ಅಡಿ ಹಿಡಿದ ಹಾಲಿನ ಮನೆ

ಅರಸೀಕೆರೆ
ಫೆಬ್ರವರಿ 30, 2196

ಶಿವಲೀಲಜ್ಜಿಗೆ ಗಂಗಾಂಬಿಕೆಯ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ, ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನಿಮಗೀಗ ಮೂವತ್ತಾರು, ನನಗೆ ನಲವತ್ತೆಂಟು. ಆದರೂ ನಿಮ್ಮನ್ನು ಅಜ್ಜಿ ಅನ್ನದೆ ವಿಧಿಯಿಲ್ಲ. ಇನ್ನೂ ಹುಟ್ಟದ ನಿಮ್ಮ ಮೊಮ್ಮಗಳಿಗೆ ಒಬ್ಬ ಮೊಮ್ಮಗಳು, ಅವಳ ಮೊಮ್ಮಗಳು ನಾನು. ನನ್ನ ಕೆಲವು ಮಾತು ವಿಚಿತ್ರ ಅನ್ನಿಸಿದರೆ ಮನ್ನಿಸಿ, ಅರ್ಥ ಹೇಳುತ್ತಾ ಹೋಗುತ್ತೇನೆ.

ಮೊದಲು ಕಾಫಿಗೆನೆಯ ವಿಷಯ. ಹಸುವಿನ ಹಾಲು ಈಗ ಮಕ್ಕಳಿಗೆ, ಬಾಣಂತಿಯರಿಗೆ ಮಾತ್ರ. ಉಳಿದವರ ಡಿಕಾಕ್ಷನ್ನಿಗೆ ಬಣ್ಣ ಬರುವುದು ಕಾಫಿಗೆನೆಯಿಂದ. ನಿಮ್ಮ ಕಾಲದಲ್ಲಿ ಕ್ರೀಮರ್ ಅನ್ನುತ್ತಿದ್ದರಂತಲ್ಲ, ಅದರದೇ ಸಂತಾನ. ತೆಂಗಿನ ಹಾಲಿನದು, ಬಾದಾಮಿಯದು, ಓಟ್ಸಿನದು, ಮೊಳಕೆ ರಾಗಿಯದು ಇವೆ. ಪುಡಿಯೂ ಉಂಟು, ಗಟ್ಟಿರಸವೂ ಉಂಟು, ಕಪ್ಪಿನಲ್ಲಿ ಬಿಟ್ಟರೆ ಕರಗುವ ತೆಳ್ಳನೆ ಹಾಳೆಯೂ ಉಂಟು. ರುಚಿಗಳಂತೂ ಕೇಳಲೇಬೇಡಿ. ವೆನಿಲಾ, ಕ್ಯಾರಮೆಲ್, ಹುರಿಗಡಲೆ, ಸಂಪಿಗೆ, ಬಾಳೆಹಣ್ಣಿನ ರಸಾಯನ. ಏನೂ ರುಚಿಯಿಲ್ಲದ ‘ಸಪ್ಪೆ’ ಎಂಬುದಕ್ಕೇ ಎಲ್ಲಕ್ಕಿಂತ ಬೆಲೆ ಹೆಚ್ಚು. ಅದನ್ನು ಕೊಳ್ಳುವವರ ತಲೆಯಲ್ಲಿ ಏನಿದೆಯೋ ನನಗಂತೂ ತಿಳಿಯದು.

ಇದಲ್ಲದೆ ಒಂದೊಂದು ಮನೆಗೂ ಅದರದೇ ಕಾಫಿಗೆನೆ ಇರುತ್ತದೆ, ಅದಕ್ಕೆ ಮನೆಗೆನೆ ಎನ್ನುತ್ತೇವೆ. ಮದುವೆಯ ದಿನ ಒಂದೇ ಲೋಟದ ಡಿಕಾಕ್ಷನ್ನಿಗೆ ಎರಡೂ ಮನೆಯವರು ತಮ್ಮ ತಮ್ಮ ಮನೆಗೆನೆ ಹಾಕುತ್ತಾರೆ. ಗಂಡು ಹೆಣ್ಣು ಅದನ್ನು ಅರ್ಧರ್ಧ ಕುಡಿದ ಮೇಲೆಯೇ ಮುಂದಿನ ಶಾಸ್ತ್ರ.

ನಾಳೆ ನನ್ನ ಮಗಳು ಮುಕ್ತಾಳ ಮದುವೆ. ಹೋದ ವಾರದವರೆಗೂ ನಮಗೆ ಮನೆಗೆನೆಯೇ ಇರಲಿಲ್ಲ. ಅಂಗಡಿ ಡಬ್ಬಿಯೇ ಸಲೀಸು ಎಂದು ನನ್ನಮ್ಮ ಮಾಡುವುದನ್ನು ಬಿಟ್ಟುಬಿಟ್ಟಿದ್ದಳು. ಹಳೆಯ ಚೀಟಿಯಲ್ಲಿ ಉಳಿದದ್ದು ಮೂರೇ ಮಾತು: ಹಾಲು, ಬೆಲ್ಲ, ಏಲಕ್ಕಿ. ರುಚಿ ನೆನಪಿದ್ದದ್ದು ನನ್ನ ಅಜ್ಜಿ ನೀಲಜ್ಜಿಗೆ ಮಾತ್ರ. ಅವಳಿಗೀಗ ನೂರನಾಲ್ಕು. ತೆಂಗಿನ ಹಾಲಿಗೆ ಓಟ್ಸ್ ಹಾಲು ಬೆರೆಸಿ, ಏಲಕ್ಕಿ ಹೆಚ್ಚು ಮಾಡಿ, ಕಡಿಮೆ ಮಾಡಿ, ಹನ್ನೊಂದು ಸಲ ಕೊಟ್ಟೆ. ಹನ್ನೊಂದು ಸಲವೂ ಮುಖ ಕಿವುಚಿದಳು. “ಏಲಕ್ಕಿ ಐತೆ, ಬೆಲ್ಲ ಐತೆ. ನಮ್ಮನೆ ಎಲ್ಲೈತೆ?” ಎಂದಳು. ನನಗೆ ತಲೆ ಚಿಟ್ಟು ಹಿಡಿಯಿತು. ಇತ್ತ ಮುಕ್ತಾ, “ಅಂಗಡಿ ಡಬ್ಬಿ ಹಿಡ್ಕೊಂಡು ಹಸೆ ಮೇಲೆ ಕೂರಲ್ಲ ಕಣಮ್ಮ” ಎಂದು ಅತ್ತಳು. ಹೆತ್ತ ಕರುಳು, ನನಗೂ ಅಳು ಬಂತು.

ನಮ್ಮ ಒಲೆಗಳು ಏನೂ ಸೀಯದಂತೆ ತಾವೇ ಆರಿಹೋಗುತ್ತವೆ. ಮಂಗಳವಾರ ನಮ್ಮದು ಕೆಟ್ಟಿತು. ಅಟ್ಟದಿಂದ ಹಳೆಯ ಒಲೆ ಇಳಿಸಿ, ಬೆಲ್ಲ ಬೆರೆಸಿದ ಅದೇ ತೆಂಗು-ಓಟ್ಸಿನ ಹಾಲಿಟ್ಟೆ. ಅಷ್ಟರಲ್ಲಿ ಬೀಗಿತ್ತಿಯ ಫೋನ್ ಬಂತು. ಆ ಮಹಾತಾಯಿ ಮಾತಿಗೆ ಶುರುವಿಟ್ಟರೆ ಮುಗಿಯಿತು. ವಾಪಸು ಬರುವಷ್ಟರಲ್ಲಿ ಹಾಲು ಅಡಿ ಹಿಡಿದು ಮನೆಯೆಲ್ಲ ವಾಸನೆ. ನನ್ನನ್ನು ನಾನೇ ಬೈದುಕೊಳ್ಳುತ್ತಾ ಚೆಲ್ಲಲು ಹೊರಟೆ. ಕೋಣೆಯಿಂದ ನೀಲಜ್ಜಿ ಕೋಲೂರಿಕೊಂಡು ಬಂದಳು. “ತಡಿಯೇ, ಚೆಲ್ಲಬೇಡ. ಏಲಕ್ಕಿ ಹಾಕು.” ಹಾಕಿ ಕೊಟ್ಟೆ. ಒಂದು ಗುಟುಕು ಕುಡಿದವಳು ಲೋಟವನ್ನು ಎದೆಗೆ ಒತ್ತಿಕೊಂಡು ಅಲ್ಲೇ ಕುಳಿತುಬಿಟ್ಟಳು. “ಇದೇ ಕಣೆ ನಮ್ಮನೆ.”

ಆಮೇಲೆ ನಿಮ್ಮ ಕಥೆ ಹೇಳಿದಳು. ಅವಳಿಗೆ ಅವಳ ಅಜ್ಜಿ ಹೇಳಿದ್ದಂತೆ. ನೀವು ಒಲೆಯ ಮೇಲೆ ಹಾಲಿಟ್ಟು, ಕಾಂಪೌಂಡಿನ ಹತ್ತಿರ ಹೋಗಿ, ಪಕ್ಕದ ಮನೆಯ ನೂರ್ ಜಹಾನರ ಜೊತೆ ಮಾತಿಗೆ ನಿಲ್ಲುವವರು. ದಿನಾ ಹಾಲು ಅಡಿ ಹಿಡಿಯುತ್ತಿತ್ತು. ಅತ್ತೆಗೆ ಗೊತ್ತಾಗದಿರಲಿ ಎಂದು ನೀವು ಏಲಕ್ಕಿ ಕುಟ್ಟಿ ಹಾಕುತ್ತಿದ್ದಿರಿ. ನೀವು ಬಚ್ಚಿಡಲು ಹಾಕಿದ್ದನ್ನು ಚೀಟಿಯಲ್ಲಿ ಬರೆದಿಟ್ಟರು, ಬಚ್ಚಿಟ್ಟದ್ದನ್ನು ಬರೆಯಲಿಲ್ಲ.

ನಾಳೆ ನನ್ನ ಮಗಳು ನಿಮ್ಮ ಸೀದ ಹಾಲನ್ನು ಬೆಳ್ಳಿ ಗಿಂಡಿಯಲ್ಲಿ ಹಿಡಿದು ಹಸೆಗೆ ನಡೆಯುತ್ತಾಳೆ. ನಿಮ್ಮನ್ನು ನೋಡದಿದ್ದರೂ ನಿಮ್ಮ ಮೇಲೆ ಪ್ರೀತಿ ಉಕ್ಕುತ್ತಿದೆ, ಅಜ್ಜಿ.

ಒಂದೇ ಒಂದು ಬೇಡಿಕೆ. ನಿಮ್ಮ ಯಜಮಾನರು ಸೀಟಿ ಹೊಡೆಯುವ ಹಾಲಿನ ಕುಕ್ಕರ್ ತರುವವರಿದ್ದಾರಂತೆ. ಬೇಡ ಅಂದು ಅವರ ಮನಸ್ಸು ನೋಯಿಸಬೇಡಿ. ಇಸಿದುಕೊಂಡು ಅಟ್ಟಕ್ಕೆ ಹಾಕಿ. ಅತ್ತೆ ಬೈದರೆ ಬೈಸಿಕೊಳ್ಳಿ, ನಮಗೋಸ್ಕರ. ಈಗ ಕಾಗದ ಮಡಚಿಡಿ. ಹಾಲು ಒಲೆಯ ಮೇಲಿರಲಿ. ನೂರ್ ಜಹಾನ್ ಕರೆಯುತ್ತಿದ್ದಾರೆ, ಹೋಗಿ ಮಾತಾಡಿಕೊಂಡು ಬನ್ನಿ.

ನಿಮ್ಮ
ಗಂಗಾಂಬಿಕೆ