ಫಿಟ್ಟರ್ ಹೇಳಿಕೊಟ್ಟ ಪಾಠ

ತರಬೇತಿ ವಿಭಾಗದ ಮೇಡಂ ಅವರಿಗೆ,

ನಮಸ್ಕಾರ. ನಿಮ್ಮ ನೂಲಿನ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ಫಿಟ್ಟರ್ ಆಗಿದ್ದವರ ಹೆಂಡತಿ ನಾನು. ಕೆಲಸವೆಲ್ಲ ಬೇರೆ ದೇಶಕ್ಕೆ ಹೋಗುವ ಮೊದಲು, ಅಲ್ಲಿಯ ಹೊಸಬರಿಗಾಗಿ ನೀವು ಒಂದು ವಾರ ಇವರ ಮಾತನ್ನು ರೆಕಾರ್ಡ್ ಮಾಡಿಕೊಂಡಿರಿ. "ನಿಮ್ಮ ಕೆಲಸಕ್ಕೆ ನೀವೇ ಕಲ್ಲು ಹಾಕ್ಕೋತಿದ್ದೀರಲ್ಲ ಭಾವ" ಎಂದು ನನ್ನ ತಮ್ಮ ರೇಗಿಸಿದ. "ಅರ್ಧಂಬರ್ಧ ಹೇಳ್ಕೊಟ್ರೆ ಅಲ್ಲಿ ಯಾರದ್ದೋ ಬೆರಳು ಹೋಗತ್ತೆ ಕಣೋ" ಎಂದರು ಇವರು.

ಕೆಲಸ ಹೋದ ನಾಲ್ಕನೇ ತಿಂಗಳು ಇವರೂ ಹೋದರು. ಅದನ್ನು ನಿಮ್ಮ ತಲೆಗೆ ಕಟ್ಟಲು ಬರೆಯುತ್ತಿಲ್ಲ.

ಇವರ ಜೊತೆ ಕೆಲಸ ಮಾಡಿದವರು ಹೇಳಿದರು, ಬೇರಿಂಗ್ ಸವೆದರೆ ಯಂತ್ರ ಹೇಗೆ ಕೂಗುತ್ತದೆಂದು ಇವರು ಬಾಯಲ್ಲೇ ಸದ್ದು ಮಾಡಿ ತೋರಿಸಿದರಂತೆ, ನೀವೆಲ್ಲ ಬಿದ್ದು ಬಿದ್ದು ನಕ್ಕಿರಂತೆ. ಮನೆಯಲ್ಲಿ ಮಾತೇ ಆಡದ ಮನುಷ್ಯ! ಆ ಸದ್ದು ಹೇಗಿತ್ತು? ಹೊಸಬರಿಗೆ ಅದು ಅರ್ಥವಾಯಿತೇ? ಅವರೂ ನಕ್ಕರೇ?

ಆ ರೆಕಾರ್ಡಿಂಗ್ ಕೇಳಲು ಬಂದಾಗ, ಅದು ಕಂಪನಿಯದು, ಕೊಡುವ ಹಾಗಿಲ್ಲ ಎಂದು ಗೇಟಿನಲ್ಲಿ ಹೇಳಿದರು. ಪಾಠ ಕಂಪನಿಗೇ ಇರಲಿ. ನಡುವೆ ಇವರು ಕೆಮ್ಮಿದ್ದು, ನೀರು ಕೇಳಿದ್ದು, "ಅಯ್ಯೋ, ತಡೀರಿ, ತಪ್ಪು ಹೇಳ್ದೆ" ಅಂದದ್ದು, ಇದನ್ನೆಲ್ಲ ನೀವು ಕತ್ತರಿಸಿ ತೆಗೆದಿರುತ್ತೀರಿ. ಎಸೆಯದೆ ಇಟ್ಟಿದ್ದರೆ, ಅಷ್ಟನ್ನು ನನಗೆ ಕಳುಹಿಸಿ.

ಇಂತಿ,
ಫಿಟ್ಟರ್ ಮನೆಯವಳು