ಪ್ರಾರ್ಥನೆ ಮರೆತ ಮೀಟಿಂಗು

ಮನೆ, ಹೊಲಿಗೆ ಮಷಿನ್ನಿನ ಪಕ್ಕದಿಂದ
ಮಾರ್ಚ್ ೯, ಭಾನುವಾರ ಸಂಜೆ

ಹಡಗಿನ ಹೊಟ್ಟೆಯೊಳಗೆ ಕೂತಿರುವ ನನ್ನ ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಮಂಡಿನೋವು ಎಷ್ಟರಮಟ್ಟಿಗಿದೆ? ಎಂಜಿನ್ ರೂಮಿನ ಏಣಿಯನ್ನು ಇನ್ನೂ ಹುಡುಗನ ಹಾಗೆ ಹತ್ತಿ ಇಳಿಯುತ್ತಿದ್ದೀರಾ, ಇಲ್ಲ ವಯಸ್ಸು ನೆನಪಿಗೆ ಬಂದಿದೆಯಾ? ಬಿ.ಪಿ. ಮಾತ್ರೆಯ ವಿಷಯ ಕೇಳಿದರೆ "ನುಂಗ್ತಿದೀನಿ ಕಣೇ" ಎಂದು ಬರೆಯುತ್ತೀರಿ, ನಾನು ನಂಬಿದ ಹಾಗೆ ಮಾಡುತ್ತೇನೆ. ಇಲ್ಲಿ ನಾನು ಗಟ್ಟಿಯಾಗಿದ್ದೇನೆ. ಗಂಟಲು ಮಾತ್ರ ಕಟ್ಟಿಹೋಗಿದೆ. ಗಾಬರಿಯಾಗಬೇಡಿ, ಶೀತವಲ್ಲ. ಇವತ್ತು ಹಾಡಿದ್ದು ಸ್ವಲ್ಪ ಜಾಸ್ತಿಯಾಯಿತು. ಯಾಕೆ ಹಾಡಿದೆ ಅಂದರೆ, ನಮ್ಮ ಚರ್ಚು ಉಳಿಯಿತು! ಮೊದಲಿನಿಂದ ಹೇಳಬೇಕೆಂದು ಕೂತವಳು ಬಾಯಿ ತಡೆಯಲಾರದೆ ಕೊನೆಯದನ್ನೇ ಹೇಳಿಬಿಟ್ಟೆ. ಇರಲಿ, ಹೇಗೆ ಉಳಿಯಿತು ಅನ್ನುವುದನ್ನು ನಿಧಾನವಾಗಿ ಓದಿ.

ನಮ್ಮ ಹಳೆಯ ಪಾದ್ರಿ ಅಯ್ಯನವರು ನಿವೃತ್ತರಾದ ಮೇಲೆ ಮೇಲಿನ ಪ್ರೆಸ್ಬಿಟರಿ ಮಂಡಳಿಯವರು ಕಳಿಸಿದ ಹಂಗಾಮಿ ಅಯ್ಯನವರಿಗೆ ನಾನು ಎಕ್ಸ್‌ಪ್ರೆಸ್ ಎಂದು ಹೆಸರಿಟ್ಟಿರುವುದು ನಿಮಗೆ ಗೊತ್ತೇ ಇದೆ. ಪಾಪ, ಒಂದೇ ಬೆಳಗ್ಗೆ ಎರಡು ಕಡೆ ಆರಾಧನೆ ನಡೆಸುವ ಮನುಷ್ಯ, ಆಶೀರ್ವಾದ ಹೇಳುವಾಗಲೂ ಒಂದು ಕಣ್ಣು ಕೈಗಡಿಯಾರದ ಮೇಲೆ. ಇವತ್ತು ಆರಾಧನೆ ಮುಗಿದದ್ದೇ ತಡ, ಎಲ್ಲರನ್ನೂ ಚರ್ಚಿನ ಹಾಲ್‌ಗೆ ಕರೆದು, ಗೋಡೆಯ ಮೇಲೆ ಪ್ರೊಜೆಕ್ಟರಿನ ಬೆಳಕು ಬಿಟ್ಟು, ನೇರವಾಗಿ ವಿಷಯಕ್ಕೆ ಬಂದರು. ನಮ್ಮ ಚರ್ಚಿನ ಸಭೆಯನ್ನು ಮುಚ್ಚಿ ನದಿಯಾಚೆಯ ದೊಡ್ಡ ಸಭೆಯೊಂದಿಗೆ ಸೇರಿಸುವುದು, ಕಟ್ಟಡವನ್ನು ಪಕ್ಕದ ಗೋದಾಮಿನವರಿಗೆ ಮಾರುವುದು. ಅವರು ಅದನ್ನು ಕೆಡವಿ ಲಾರಿ ನಿಲ್ಲಿಸುತ್ತಾರಂತೆ. ನಮ್ಮ ಔಷಧಿ ಅಂಗಡಿಯ ಹಿರಿಯರು ಎದ್ದು ನಿಂತು, "ನಿಜ ಹೇಳ್ಬೇಕಂದ್ರೆ, ಈ ಬೀದೀಲಿ ಈಗ ಮನೆಗಳೇ ಇಲ್ಲ. ಬರೀ ಗೋದಾಮು. ನಾವು ಯಾರಿಗೋಸ್ಕರ ಬಾಗಿಲು ತೆಗೀಬೇಕು?" ಎಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ದಣಿದು ಹೇಳಿದರು. ಆದರೆ ನನ್ನ ತಲೆ ಕೆಟ್ಟುಹೋಯಿತು.

"ಹಟ ಮಾಡಬೇಡ, ಸಭೆ ಏನು ತೀರ್ಮಾನಿಸುತ್ತದೋ ಅದಕ್ಕೆ ತಲೆಬಾಗು" ಎಂದು ಮುಚ್ಚುವ ಮಾತೆದ್ದಾಗಲೇ ನೀವು ಬರೆದಿದ್ದಿರಿ. ನಾನು ಬಾಗಲಿಲ್ಲ. ಎದ್ದು ನಿಂತು ಬಾಯಿಗೆ ಬಂದದ್ದನ್ನೆಲ್ಲ ಆಡಿದೆ. ಯಾರ್ಯಾರು ಭಾನುವಾರ ಹಾಸಿಗೆ ಬಿಟ್ಟು ಏಳುವುದಿಲ್ಲ ಎಂದು ಬೆರಳು ತೋರಿಸಿ ಹೇಳಿದೆ. ನನ್ನ ಪರವಾಗಿದ್ದವರೂ ಮುಖ ಗಂಟಿಕ್ಕಿಕೊಂಡು ಕೂತರು. ನಮ್ಮಲ್ಲಿ ಬಿಷಪ್ಪರೂ ಇಲ್ಲ, ಅವರ ಅಪ್ಪಣೆಯೂ ಇಲ್ಲ, ಸದಸ್ಯರು ಎತ್ತಿದ ಕೈಗಳೇ ಎಲ್ಲ ಎಂದು ನೀವು ಹೆಮ್ಮೆಯಿಂದ ಹೇಳುತ್ತೀರಲ್ಲ, ಆ ಕೈಗಳೇ ಮುಚ್ಚುವುದಕ್ಕೆ ಮೇಲೆದ್ದವು. ಎಣಿಸುವ ಅಗತ್ಯವೇ ಬೀಳಲಿಲ್ಲ. ನಾನು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ನಮ್ಮ ಮದುವೆ, ಮಗಳ ದೀಕ್ಷಾಸ್ನಾನ, ಅತ್ತೆಯವರ ಕೊನೆಯ ಆರಾಧನೆ, ಎಲ್ಲ ನಡೆದ ಜಾಗದಲ್ಲಿ ಲಾರಿಯ ಚಕ್ರ ತಿರುಗುವುದನ್ನು ನೆನೆಸಿಕೊಂಡರೆ ಅಳು ಬರುವುದಿಲ್ಲವೇ?

ಮೀಟಿಂಗು ಮುಗಿಸಲು ಅಯ್ಯನವರು ಎದ್ದು, "ಪ್ರಾರ್ಥಿಸೋಣ" ಎಂದು ಕಣ್ಣು ಮುಚ್ಚಿದರು. ನಾವೂ ಮುಚ್ಚಿದೆವು. ಮಾತೇ ಇಲ್ಲ. ಕಣ್ಣು ಬಿಟ್ಟು ನೋಡಿದರೆ ಅಯ್ಯನವರ ಮುಖ ಬಿಳಿಚಿಕೊಂಡಿದೆ. "ನಾನು ಶುರೂನಲ್ಲಿ ಪ್ರಾರ್ಥನೆ ಮಾಡಿದ್ನಾ?" ಎಂದು ಕೇಳಿದರು. ಮಾಡಿರಲಿಲ್ಲ! ಪ್ರೊಜೆಕ್ಟರಿನ ವೈರು ಸಿಕ್ಕಿಸುವ ಗಡಿಬಿಡಿಯಲ್ಲಿ ಮರೆತಿದ್ದರು. ಪ್ರಾರ್ಥನೆಯಿಂದ ಆರಂಭವಾಗದ ಮೀಟಿಂಗು ನಮ್ಮಲ್ಲಿ ಮೀಟಿಂಗೇ ಅಲ್ಲ, ಅದರ ತೀರ್ಮಾನ ನಿಲ್ಲುವುದಿಲ್ಲ. ಸಭೆಯ ಹಿರಿಯರೆಂದು ಪ್ರತಿಷ್ಠೆ ಪಡೆದ ನಿಮಗೆ ಇದನ್ನು ಹೇಳಬೇಕಾಗಿಲ್ಲ. ಆದರೆ ನಮ್ಮಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ, ನನಗೂ ಇಲ್ಲ. ಹೊಳೆದಿದ್ದರೆ ಸೂರು ಹಾರಿಹೋಗುವಂತೆ ಕೂಗುತ್ತಿದ್ದೆ. ಅಯ್ಯನವರು ಸುಮ್ಮನೆ ಆಮೆನ್ ಹೇಳಿ ಹೊರಟುಬಿಡಬಹುದಿತ್ತು, ಅವರಿಗೆ ಬೇಕಾದದ್ದು ಸಿಕ್ಕಿತ್ತು. ಹೊರಡಲಿಲ್ಲ. ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡು, "ಇಷ್ಟೊತ್ತು ನಡೆದಿದ್ದು ಏನೂ ಅಲ್ಲ. ಕ್ಷಮಿಸಿ. ಮೊದಲಿಂದ ಶುರು ಮಾಡೋಣ. ನನ್ನ ಕೈಲಿ ಆಗ್ತಿಲ್ಲ, ಯಾರಾದ್ರೂ ಪ್ರಾರ್ಥನೆ ಮಾಡಿ" ಎಂದು ಕುರ್ಚಿಯಲ್ಲಿ ಕುಸಿದರು. ಅವರಿಗೆ ಹೆಸರಿಟ್ಟ ನನ್ನ ನಾಲಿಗೆಯನ್ನು ಆಗ ಕಚ್ಚಿಕೊಂಡೆ.

ಪ್ರಾರ್ಥನೆಗೆ ಎದ್ದವರು ಔಷಧಿ ಅಂಗಡಿಯವರೇ. ಸಮಾಧಾನದಿಂದ ಮುಚ್ಚುವಂತೆ ಕೃಪೆಮಾಡು ಎಂದೇ ಆರಂಭಿಸಿದರು. ಆಮೇಲೆ ಬುಧವಾರದ ಪ್ರಾರ್ಥನಾಕೂಟದ ಅಭ್ಯಾಸದಂತೆ ಒಬ್ಬೊಬ್ಬರನ್ನೇ ದೇವರ ಮುಂದೆ ತರತೊಡಗಿದರು. ನಮ್ಮ ಮೆಟ್ಟಿಲ ಮೇಲೆ ಊಟದ ಡಬ್ಬಿ ಬಿಚ್ಚುವ ಪಾರ್ಸೆಲ್ ಹಂಚುವವರು, ಚರ್ಚಿನ ಹಾಲ್‌ನಲ್ಲಿ ಕೂತು ಮಗುವಿಗೆ ಮೊಲೆಯೂಡಿಸುವ ಪ್ಯಾಕಿಂಗ್ ಕೆಲಸದ ಹೆಂಗಸು, ನಮ್ಮ ಭಾಷೆ ಬಾರದಿದ್ದರೂ ಕೀರ್ತನೆಗೆ ಎದ್ದು ನಿಲ್ಲುವ ಗೋದಾಮಿನ ಕಾವಲುಗಾರ. "ಕರ್ತನೇ, ಇವರೆಲ್ಲ ಇನ್ನೆಲ್ಲಿ ಹೋಗ್ಬೇಕು?" ಎಂದವರು ಆಮೆನ್ ಹೇಳದೆಯೇ ಕೂತುಬಿಟ್ಟರು. ಯಾರಿಗೋಸ್ಕರ ಬಾಗಿಲು ತೆಗೆಯಬೇಕು ಎಂದು ಕೇಳಿದವರು ತಮಗೆ ತಾವೇ ಉತ್ತರ ಕೊಟ್ಟಿದ್ದರು.

ಆಮೇಲೆ ವಾದವೇನೂ ನಡೆಯಲಿಲ್ಲ. ಸಭೆ ಇಲ್ಲೇ ಇರಲಿ, ಬಾಗಿಲು ವಾರವಿಡೀ ತೆರೆದಿರಲಿ ಎಂದು ಔಷಧಿ ಅಂಗಡಿಯವರೇ ಸೂಚಿಸಿದರು. ಕೈಗಳು ಮೇಲೆದ್ದವು ನೋಡಿ, ನಾನು ಬೈದವರ ಕೈಗಳೂ! ಆರ್ಗನ್ ನುಡಿಸುವ ಅಕ್ಕ ಒಬ್ಬರು ಮಾತ್ರ ಎತ್ತದೆ ಕೂತರು. ಮೀಟಿಂಗು ಮುಗಿದ ಮೇಲೆ ಅವರೇ ನನ್ನ ಹತ್ತಿರ ಬಂದು, "ವಾರವೆಲ್ಲ ತೆಗೆದಿಟ್ರೆ ಕಸ ಗುಡಿಸೋರು ಯಾರು? ಮಂಗಳವಾರ ನಾನು ಬರ್ತೀನಿ" ಎಂದರು. ಕೀರ್ತನೆ ಎತ್ತಿದೆವು, ಕಿಟಕಿಯ ಗಾಜು ನಡುಗುವ ಹಾಗೆ ಹಾಡಿದೆವು. ಒಳಗೆ ಜಗಳವಾಗುತ್ತಿದೆಯೆಂದು ಕಾವಲುಗಾರ ಓಡಿಬಂದವನು ತಾನೂ ಟೋಪಿ ತೆಗೆದು ನಿಂತ. ಅಯ್ಯನವರ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು, ಎರಡನೆಯ ಆರಾಧನೆಗೆ ತಡವಾಗಿತ್ತು. ಅವರು ಕೊನೆಯ ಚರಣವನ್ನು ಇನ್ನೊಂದು ಸಲ ಹಾಡಿಸಿದರು. ನನಗೆ ಇಷ್ಟು ಸಂತೋಷವಾಗಿ ಎಷ್ಟು ಕಾಲವಾಗಿತ್ತೋ.

ನಿಮ್ಮ ಜೊತೆಯ ಕೆಲಸಗಾರರಿಗೆಲ್ಲ ನನ್ನ ವಂದನೆ ಹೇಳಿ. ಸಮುದ್ರವನ್ನು ಗದರಿಸಿ ಸುಮ್ಮನಾಗಿಸಿದ ಕರ್ತನು ನಿಮ್ಮ ಹಡಗನ್ನೂ ನಿಮ್ಮ ಮಂಡಿಯನ್ನೂ ಕಾಯಲಿ.

ಇಂತಿ,
ಕೊನೆಗೂ ತಲೆಬಾಗದ
ನಿಮ್ಮವಳು

ತಾ.ಕ.: ಲಕೋಟೆ ಅಂಟಿಸುವ ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಧೈರ್ಯ ಹೋಗುತ್ತದೆ. ಬಾಗಿಲು ತೆರೆದಿಡಬೇಕಾದರೆ ಇನ್ನೊಬ್ಬ ಹಿರಿಯರು ಬೇಕೆಂದು ಔಷಧಿ ಅಂಗಡಿಯವರು ನನ್ನ ಹೆಸರು ಎತ್ತಿದರು. ಸಭೆ ಆರಿಸಿತು. ನಿಮ್ಮನ್ನು ಕೇಳದೆ ಒಪ್ಪಿಕೊಂಡೆ. ಹಿರಿಯಳಾಗಿ ನನ್ನನ್ನು ಪ್ರತಿಷ್ಠಿಸುವ ದಿನ ಹಿರಿಯರೆಲ್ಲ ನನ್ನ ತಲೆಯ ಮೇಲೆ ಕೈಯಿಡಬೇಕಲ್ಲ, ನಿಮ್ಮ ಹಡಗು ಬರುವ ತನಕ ಕಾಯಿರಿ ಎಂದಿದ್ದೇನೆ. ಇಷ್ಟು ವರ್ಷ ನೀವು ನನ್ನ ಹಣೆ ಮುಟ್ಟಿದ್ದು ಜ್ವರ ನೋಡುವುದಕ್ಕೆ ಮಾತ್ರ. ಈ ಸಲ ಕರ್ತನ ಹೆಸರಿನಲ್ಲಿ ಮುಟ್ಟಬೇಕು. ಬೇಗ ಬನ್ನಿ. ಕೈಗೆ ಮೆತ್ತಿದ ಆಯಿಲ್ ಹೋಗದಿದ್ದರೂ ಪರವಾಗಿಲ್ಲ.